ನರದ ಗಂಟಿಗೆ ಸೂಜಿ ಬಂದ ದಾರಿ

ನರಗಳ ಹೊದಿಕೆಯಿಂದ ಹುಟ್ಟುವ ಗಂಟುಗಳು ಅಪರೂಪ, ಹೆಚ್ಚಿನವು ನಿರುಪದ್ರವಿ. ನರದ ಎಳೆಗಳನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು ಒಂದೆಡೆ ಮಿತಿಮೀರಿ ಬೆಳೆದರೆ ಅದು ಶ್ವಾನೋಮ. ನರದ ಎಳೆಗಳೇ ಗಂಟಿನೊಳಗೆ ಹಾದುಹೋಗುವಂತೆ ಬೆಳೆದದ್ದು ನ್ಯೂರೊಫೈಬ್ರೋಮ. ಶ್ವಾನೋಮವನ್ನು ನರಕ್ಕೆ ಪೆಟ್ಟಾಗದಂತೆ ಬಿಡಿಸಿ ತೆಗೆಯುವುದು ಸಾಮಾನ್ಯವಾಗಿ ಸಾಧ್ಯ. ನ್ಯೂರೊಫೈಬ್ರೋಮದಲ್ಲಿ ಅದು ಕಷ್ಟ. ಕತ್ತಿ ಹಿಡಿಯುವ ಮೊದಲೇ ಗಂಟು ಯಾವುದೆಂದು ತಿಳಿಯಬೇಕಾದ್ದು ಇದಕ್ಕೇ. ಆ ಕೆಲಸಕ್ಕೆ ಇರುವ ಅಗ್ಗದ, ಸುಲಭದ ದಾರಿ ಸೂಜಿ ಪರೀಕ್ಷೆ. ಆಸ್ಪತ್ರೆಯ ಚೀಟಿಯಲ್ಲಿ ಅದು ಎಫ್‌ಎನ್‌ಎಸಿ.

ಈ ಸೂಜಿ ಒಮ್ಮೆ ಬಂದು, ತಿರಸ್ಕಾರಕ್ಕೆ ಒಳಗಾಗಿ, ಬೇರೆ ದೇಶದಲ್ಲಿ ಬಾಳಿತು. 1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ ಗಂಟಿಗೆ 18 ಗೇಜಿನ ಸೂಜಿ ಚುಚ್ಚಿ, ಸಿರಿಂಜಿನಿಂದ ಎಳೆದು, ಬಂದದ್ದನ್ನು ಗಾಜಿನ ಮೇಲೆ ಸವರಿ ನೋಡುವ ಕ್ರಮವನ್ನು ಪ್ರಕಟಿಸಿದರು. ಅದೇ ಆಸ್ಪತ್ರೆಯ ಫ್ರೆಡ್ ಸ್ಟುವರ್ಟ್ 1933ರಲ್ಲಿ ಅದನ್ನು ಸಮರ್ಥಿಸಿ ಬರೆದರು. ಆದರೂ ಅಮೆರಿಕದ ವೈದ್ಯರು ಒಪ್ಪಲಿಲ್ಲ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಹರಡೀತು ಎಂಬ ಭಯ ಒಂದು. ಅಂಗಾಂಶದ ತುಂಡನ್ನೇ ಕೊಯ್ದು ನೋಡಿ ಅಭ್ಯಾಸವಾಗಿದ್ದವರಿಗೆ ಬಿಡಿ ಕೋಶಗಳ ಮೇಲೆ ನಂಬಿಕೆ ಇಲ್ಲದ್ದು ಇನ್ನೊಂದು. ‘ಸೂಜಿ ಹಾಕಿದರೆ ಗಂಟು ಕೆರಳುತ್ತದೆ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಬಿಡುವುದು ಅನ್ಯಾಯ. ದೊಡ್ಡ ದೊಡ್ಡ ವೈದ್ಯರೂ ದಶಕಗಳ ಕಾಲ ಅದನ್ನೇ ನಂಬಿದ್ದರು. ತೆಳು ಸೂಜಿಯಿಂದ ಹಾಗಾಗುವುದು ತೀರಾ ವಿರಳವೆಂದು ಮುಂದಿನ ಅನುಭವ ತೋರಿಸಿತು.

ಆ ಅನುಭವ ಬೆಳೆದದ್ದು ಸ್ವೀಡನ್ನಿನಲ್ಲಿ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾದಲ್ಲಿ ಸಿಕ್ಸ್‌ಟೆನ್ ಫ್ರಾನ್ಜೆನ್, ಯೋಸೆಫ್ ಜಾಯಿಚೆಕ್ ಮೊದಲಾದವರು 1950–60ರ ದಶಕಗಳಲ್ಲಿ 18 ಗೇಜಿನ ಅರ್ಧದಷ್ಟೇ ದಪ್ಪದ ಸೂಜಿ ಹಿಡಿದರು. ಇವರದು ರಕ್ತ ಪರೀಕ್ಷೆಯಲ್ಲಿ ಪಳಗಿದ ಕಣ್ಣು. ಹಾಗಾಗಿ ಲೇಪವನ್ನು ಗಾಳಿಯಲ್ಲಿ ಒಣಗಿಸಿ, ರಕ್ತಕ್ಕೆ ಬಳಸುವ ಗೀಮ್ಸಾ ಬಣ್ಣವನ್ನೇ ಹಾಕಿದರು. ಪ್ಯಾಪ್ ಪರೀಕ್ಷೆಗೆ ಹೆಸರಾದ ಪಪಾನಿಕೊಲಾವು ಅವರ ಹಾದಿಯವರು ಹಸಿ ಲೇಪವನ್ನೇ ಆಲ್ಕೊಹಾಲಿಗೆ ಅದ್ದುತ್ತಿದ್ದರು. ಇಂದು ಎರಡನ್ನೂ ಮಾಡುತ್ತಾರೆ. ಸ್ವೀಡನ್ನಿನವರ ಇನ್ನೊಂದು ಕ್ರಮ ಅದಕ್ಕಿಂತ ಮುಖ್ಯ: ಚುಚ್ಚಿದವರೇ ಸೂಕ್ಷ್ಮದರ್ಶಕದಲ್ಲೂ ನೋಡಬೇಕು.

ನರದ ಗಂಟಿನ ಮಟ್ಟಿಗೆ ಈ ಕ್ರಮಕ್ಕೆ ಬೆಲೆ ಕಟ್ಟಲಾಗದು. ಸೂಜಿ ಒಳಗೆ ಹೋಗುತ್ತಿದ್ದಂತೆ ರೋಗಿ ‘ಕರೆಂಟ್ ಹೊಡೆದ ಹಾಗಾಯಿತು’ ಎಂದು ಕೈ ಹಿಂದೆಳೆದರೆ, ನೋವು ಬೆರಳ ತುದಿಯವರೆಗೆ ಜುಮ್ಮೆಂದು ಓಡಿದರೆ, ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಉಳಿದರ್ಧ ಗಾಜಿನ ಮೇಲೆ: ಒಂದಕ್ಕೊಂದು ಅಂಟಿದ ಉದ್ದನೆಯ ಕೋಶಗಳು, ಬಳುಕಿ ಬಾಗಿದ ಚೂಪು ತುದಿಯ ಕೋಶಕೇಂದ್ರಗಳು, ನಡುವೆ ನಾರು ನಾರಾದ ಪದಾರ್ಥ. ಅದೃಷ್ಟವಿದ್ದರೆ ಕೋಶಕೇಂದ್ರಗಳ ಎರಡು ಸಾಲು, ಮಧ್ಯೆ ಖಾಲಿ ಪಟ್ಟಿ; 1910ರಲ್ಲಿ ಹೋಸೆ ವೆರೊಕಾಯ್ ಗುರುತಿಸಿದ ಈ ರಚನೆ ಶ್ವಾನೋಮದ ಸಹಿ. ಲೇಪದಲ್ಲಿ ಅದು ಸಿಗುವುದು ಕಡಿಮೆ.

ನಮ್ಮ ದಕ್ಷಿಣ ಕನ್ನಡಕ್ಕೆ ಈ ವಿದ್ಯೆಯ ನೆಲೆ ಒದಗಿದ್ದು ವೈದ್ಯಕೀಯ ಕಾಲೇಜುಗಳಿಂದ. 1953ರಲ್ಲಿ ಟಿ.ಎಂ.ಎ. ಪೈ, ಆಗ ಇದೇ ಜಿಲ್ಲೆಯಲ್ಲಿದ್ದ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿದರು. 1955ರಲ್ಲಿ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಅದರ ಕಲಿಕೆಯ ತಾಣವಾಯಿತು. ಘಟ್ಟದ ಬುಡದ ಸುಳ್ಯಕ್ಕೆ ಕುರುಂಜಿ ವೆಂಕಟರಮಣ ಗೌಡರ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಬಂದದ್ದು 2002ರಲ್ಲಿ. ವೈದ್ಯಕೀಯ ಕಾಲೇಜು ಎಂದ ಮೇಲೆ ರೋಗಶಾಸ್ತ್ರ ವಿಭಾಗ ಇರಲೇಬೇಕು. ಸುಳ್ಯದ ರೋಗಿಗೆ, ಪುತ್ತೂರು–ಸುಳ್ಯಗಳ ಗ್ರಾಮಗಳನ್ನು ಸೇರಿಸಿ ರಚಿಸಿದ ಕಡಬ ತಾಲ್ಲೂಕಿನವರಿಗೆ, ಗಾಜು ಓದುವವರು ಹತ್ತಿರವಾದದ್ದು ಹೀಗೆ.

ಈ ಸೀಮೆಯಲ್ಲಿ ಕುಷ್ಠದ ಬಗೆಗೂ ಎಚ್ಚರ ಬೇಕು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದಿದ್ದರು. ಕುಷ್ಠದಲ್ಲೂ ನರ ದಪ್ಪವಾಗುತ್ತದೆ, ಕೆಲವೊಮ್ಮೆ ಕೀವುಗಟ್ಟಿ ಗಂಟಾಗುತ್ತದೆ. ಮೊಣಕೈ ಹಿಂದಿನ ನರದ ಮೇಲಿನ ಉಬ್ಬು ಗಡ್ಡೆಯೋ ಕುಷ್ಠವೋ ಎಂಬುದನ್ನು ಬಹುಮಟ್ಟಿಗೆ ಅದೇ ಸೂಜಿ ಹೇಳುತ್ತದೆ. ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಮುಖ್ಯವಾಗಿ ಮಾತ್ರೆ.

ಸೂಜಿ ಸೋಲುವುದೂ ಉಂಟು. ನೀರುಗುಳ್ಳೆಯಾದ ಶ್ವಾನೋಮದಿಂದ ಬರೀ ದ್ರವ ಬರುತ್ತದೆ. ಬಹುಕಾಲದ ಶ್ವಾನೋಮದಲ್ಲಿ ಕೋಶಕೇಂದ್ರಗಳು ವಿಕಾರವಾಗಿ, ಕ್ಯಾನ್ಸರ್ ಎಂದು ಮೋಸಗೊಳಿಸುತ್ತವೆ. ಮಳೆಗಾಲದ ತೇವದಲ್ಲಿ ಲೇಪ ನಿಧಾನವಾಗಿ ಒಣಗಿದರೆ ಕೋಶಗಳು ಕುಗ್ಗಿ ರೂಪಗೆಡುತ್ತವೆ. ಒಣಗಿಸಬೇಕಾದ ಗಾಜಿಗೆ ಸವರಿದ ಕ್ಷಣವೇ ಗಾಳಿ ಹಾಕಬೇಕು. ನರದ ಹೊದಿಕೆಯ ನಿಜವಾದ ಮಾರಕ ಗಡ್ಡೆಗಳಲ್ಲಿ ಅರ್ಧದಷ್ಟು ಕಾಣಿಸುವುದು, 1882ರಲ್ಲಿ ರೆಕ್ಲಿಂಗ್‌ಹೌಸೆನ್ ವಿವರಿಸಿದ, ಮೈತುಂಬ ಗಂಟೇಳುವ ವಂಶವಾಹಿ ಕಾಯಿಲೆಯವರಲ್ಲಿ. ಸಂದೇಹ ಉಳಿದರೆ ತುಂಡು ತೆಗೆದು, ಶ್ವಾನ್ ಕೋಶಗಳ ಗುರುತಾದ ಎಸ್-100 ಪ್ರೋಟೀನಿನ ಪರೀಕ್ಷೆ ಮಾಡಲೇಬೇಕು.

ನೋವಿನ ವಿಷಯ ವರದಿಯಿಂದ ಕಳೆದುಹೋಗುವುದು ಈ ಕತೆಯ ದೊಡ್ಡ ನಷ್ಟ. ಒಬ್ಬರು ಚುಚ್ಚಿ, ಗಾಜು ಮಾತ್ರ ದೂರದ ಊರಿಗೆ ಹೋದರೆ, ‘ಕರೆಂಟ್ ಹೊಡೆದ’ ಸಂಗತಿ ಓದುವವರಿಗೆ ತಲುಪುವುದಿಲ್ಲ. ಬೇಕಾದದ್ದು ಚೀಟಿಯಲ್ಲಿ ಒಂದೇ ಸಾಲು. ಸೂಜಿ ಹಾಕಿದಾಗ ನೋವು ಜುಮ್ಮೆಂದು ಓಡಿದರೆ, ಹಲ್ಲು ಕಚ್ಚಿ ಸಹಿಸಿಕೊಳ್ಳದೆ ಎಲ್ಲಿಂದ ಎಲ್ಲಿಗೆ ಓಡಿತೆಂದು ಆ ಕ್ಷಣವೇ ವೈದ್ಯರಿಗೆ ಹೇಳಿ, ಅದನ್ನು ಬರೆಯಿಸಿ.