ಮನೆಯೊಳಗಣ ದೊಡ್ಡ ಜೇಡ

ಕಣಜದ ಕೋಣೆಯ ಗೋಡೆಯ ಮೇಲೆ ಅಂಗೈಯಗಲದ ಚಪ್ಪಟೆ ಜೇಡವು ಕಾಣಿಸಿದೊಡನೆ ಪೊರಕೆಯನ್ನೋ ವಿಷದ್ರಾವಣವನ್ನೋ ಹುಡುಕುವವರು ಅನೇಕರು. ಈ ಜೇಡವು ಬಲೆ ನೇಯುವುದಿಲ್ಲ. ಹಗಲು ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಹೊರಟು ಜಿರಲೆಗಳನ್ನು ಹಿಡಿದು ತಿನ್ನುತ್ತದೆ. ಹೆಣ್ಣು ಜೇಡವು ಮೊಟ್ಟೆಗಳನ್ನು ಬಿಲ್ಲೆಯಂತಹ ಚೀಲದಲ್ಲಿಟ್ಟು ಎದೆಯಡಿಯಲ್ಲಿ ಹೊತ್ತು ತಿರುಗುವುದು. ಕೈಯಿಂದ ಅದುಮಿದರೆ ಕಚ್ಚೀತು. ನೋವೂ ಬಾವೂ ಕೆಲಹೊತ್ತು ಇರಬಹುದು, ಪ್ರಾಣಭಯವಿಲ್ಲ.

ಮೈಮೇಲೆ ಉರಿಗುಳ್ಳೆಗಳೆದ್ದರೆ ಜೇಡವು ಮೂತ್ರ ಮಾಡಿತೆಂದು ಹೇಳುವವರುಂಟು. ದೀಪಕ್ಕೆ ಬರುವ ಸಣ್ಣ ದುಂಬಿಯೊಂದು ಚರ್ಮದ ಮೇಲೆ ಅರೆದುಹೋದಾಗ ಅದರ ರಸದಿಂದಲೂ, ಸರ್ಪಸುತ್ತಿನಿಂದಲೂ ಇಂತಹ ಗುಳ್ಳೆಗಳೇಳುವುವು. ವೈದ್ಯರಿಗೆ ತೋರಿಸತಕ್ಕುದು, ಜೇಡವನ್ನು ಕೊಂದರೆ ಗುಣವಾಗದು.

ಈ ಭಯದಿಂದಲೇ ಕೆಲವರು ಬೆಳೆಗೆಂದು ತಂದ ವಿಷವನ್ನು ಕೋಣೆಯೊಳಗೆ ಸಿಂಪಡಿಸುವರು. ಅದು ರಾಗಿಯ ಚೀಲಗಳ ಮೇಲೂ, ಮಕ್ಕಳು ಮಲಗುವ ಚಾಪೆಯ ಮೇಲೂ ಬೀಳುತ್ತದೆ. ಒಂದು ಜೇಡಕ್ಕಾಗಿ ವರ್ಷದ ಅನ್ನಕ್ಕೆ ವಿಷ ಬೆರೆಸುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ. ಊರಿನ ಹಿರಿಯರು ಇದನ್ನು ಒಕ್ಕಲುಮಕ್ಕಳಿಗೆ ಖಂಡಿತವಾಗಿ ತಿಳಿಸತಕ್ಕುದು.

ಜೇಡವು ಬೇಡವಾದಲ್ಲಿ ಅಗಲಬಾಯಿಯ ಡಬ್ಬಿಯನ್ನು ಅದರ ಮೇಲೆ ಮೆಲ್ಲನೆ ಕವುಚಬೇಕು. ಬಾಯಿಯು ಅಂಗೈಗಿಂತ ಕಿರಿದಾದರೆ ಕಾಲುಗಳು ಮುರಿಯುವುವು. ಬಳಿಕ ಗೋಡೆಗೂ ಡಬ್ಬಿಗೂ ನಡುವೆ ದಪ್ಪ ಕಾಗದವನ್ನು ತೂರಿಸಿ, ಹಾಗೆಯೇ ಒಯ್ದು ಸೌದೆಯ ಕೊಟ್ಟಿಗೆಯಲ್ಲಿ ಬಿಡಬಹುದು. ಗೋಡೆಯ ಬಿರುಕುಗಳನ್ನೂ ಬಾಗಿಲ ಸಂದನ್ನೂ ಮುಚ್ಚಿ, ಹಳೆಯ ಗೋಣಿಗಳನ್ನು ಬಿಸಿಲಿಗೆ ಹಾಕಿ, ಎಂಜಲು ಪಾತ್ರೆಗಳನ್ನು ರಾತ್ರಿಯೇ ತೊಳೆದಿಟ್ಟರೆ ಜಿರಲೆಗಳು ಕಡಮೆಯಾಗುವುವು. ಅವುಗಳನ್ನು ಅರಸಿ ಬರುವ ಜೇಡಗಳೂ ಕಡಮೆಯಾಗುವುವು.