ಮಕ್ಕಳೊಡನೆ ಕಾಪುವಿನ ಕಡಲಿಗೆ

ಪ್ರಯಾಣಕ್ಕೆ ಹೊರಡುವ ಮುನ್ನ ನಮ್ಮ ಹಿರಿಯರು ಪಂಚಾಂಗ ತೆರೆದು ರಾಹುಕಾಲ ನೋಡುತ್ತಿದ್ದರು. ನಾವು ರೈಲಿನ ವೇಳಾಪಟ್ಟಿಯನ್ನು ನೋಡುತ್ತೇವೆ. ಮಡಿಲಿನ ಕೂಸು ನಿದ್ರಿಸುವ ಹೊತ್ತು ಮಾತ್ರ ಎರಡರಲ್ಲಿಯೂ ಬರೆದಿರುವುದಿಲ್ಲ.

ಬೇಸಿಗೆಯ ರಜೆಗೆ ಮುಂಬಯಿಯಿಂದ ಊರಿಗೆ ಬರುವ ನಮ್ಮ ಕರಾವಳಿಯ ಸಂಸಾರಗಳನ್ನು ನೆನೆಯಿರಿ. ಕೊಂಕಣ ರೈಲುಮಾರ್ಗ 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆಯುವವರೆಗೆ ಈ ದಾರಿ ಬಹುಮಟ್ಟಿಗೆ ಬಸ್ಸಿನದಾಗಿತ್ತು. ಘಟ್ಟ ಇಳಿಯುವ ವೇಳೆಗೆ ಮಕ್ಕಳ ಮೋರೆ ಬಾಡಿರುತ್ತಿತ್ತು. ತಿರುವುಗಳಲ್ಲಿ ಅವರಿಗೆ ವಾಂತಿಯಾಗುವುದಕ್ಕೆ ಹೊಟ್ಟೆಯೊಂದೇ ಕಾರಣವಲ್ಲ. ಒಳಕಿವಿ ಚಲನೆಯನ್ನು ಅರಿಯುತ್ತದೆ. ಬಸ್ಸಿನ ಒಳಗನ್ನೇ ನೋಡುತ್ತಿರುವ ಕಣ್ಣು ಎಲ್ಲವೂ ನಿಶ್ಚಲವೆನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಲ್ಲಿ ಮಿದುಳು ಕಂಗೆಡುತ್ತದೆ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಇದು ವಿರಳ. ಎರಡರಿಂದ ಹನ್ನೆರಡರ ವಯಸ್ಸಿನವರಲ್ಲಿಯೇ ಹೆಚ್ಚು. ಆದುದರಿಂದ ಇಂದಿಗೂ ಆಗುಂಬೆಯ ಹಾದಿಯಲ್ಲಿ ಬರುವವರು ಮಕ್ಕಳಿಗೆ ಹೊಟ್ಟೆ ಬಿರಿಯೆ ಉಣಿಸದೆ, ಹಾಗೆಂದು ಉಪವಾಸವನ್ನೂ ಕೆಡವದೆ, ಚಿತ್ರದ ಪುಸ್ತಕವನ್ನು ಚೀಲಕ್ಕೆ ಸೇರಿಸಿ, ದೂರದ ಗುಡ್ಡವನ್ನು ತೋರಿಸುತ್ತ ಬರುವುದು ಲೇಸು.

ರೈಲಿನಲ್ಲಿ ಈ ಕಷ್ಟ ಕಡಿಮೆ. ಐದು ತುಂಬದ ಮಗುವಿಗೆ ಟಿಕೇಟು ಬೇಡ. ಆದರೆ ಬರ್ತೂ ಇಲ್ಲ. ಹಣ ಉಳಿಯಿತೆಂಬ ಸಂತೋಷ ನಡುರಾತ್ರಿಯಲ್ಲಿ, ಮಗು ಅಡ್ಡಲಾಗಿ ಮಲಗಿ ತಾಯಿಯನ್ನು ಅಂಚಿಗೆ ತಳ್ಳಿದಾಗ ಕರಗುತ್ತದೆ. ಪೂರ್ತಿ ದರ ತೆತ್ತು ಬರ್ತು ಪಡೆಯುವ ಅನುಕೂಲವುಂಟು. ಮಳೆಗಾಲದಲ್ಲಿ ಈ ಮಾರ್ಗದ ಗಾಡಿಗಳು ನಿಧಾನಗತಿಯ ಬೇರೊಂದು ವೇಳಾಪಟ್ಟಿಯಂತೆ ಓಡುತ್ತವೆಂಬುದನ್ನೂ ಮರೆಯಲಾಗದು. ಹಾಲಿನ ಬಾಟಲಿಗಳನ್ನು ಎಣಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಊರು ತಲುಪಿದ ಮೇಲೆ ಮಕ್ಕಳು ಕೇಳುವುದು ಕಡಲನ್ನು. ಉಡುಪಿಯಿಂದ ತೆಂಕಣಕ್ಕೆ ಹದಿಮೂರು ಕಿಲೋಮೀಟರಿನಷ್ಟು ದೂರದಲ್ಲಿ ಕಾಪು. ಅಲ್ಲಿಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರು ಎತ್ತರದ ದೀಪಸ್ತಂಭ. ಮನೆಯವರು ಊಟ ಮುಗಿಸಿ, ಕೂಸು ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಹೊರಟು, ಸುಡುವ ಮರಳಿನಲ್ಲಿ ಅದನ್ನು ಇಳಿಸುತ್ತಾರೆ. ಅದು ಅತ್ತರೆ ಹಟವೆನ್ನುತ್ತಾರೆ!

ಇಲ್ಲಿ ಕೂಸಿನ ನಿದ್ದೆಯಷ್ಟೇ ಅಲ್ಲ, ಕಡಲಿನ ನಡೆಯನ್ನೂ ಅರಿಯಬೇಕು. ಒಂದು ಉಬ್ಬರದಿಂದ ಮತ್ತೊಂದು ಉಬ್ಬರಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಹೀಗಾಗಿ ದಿನದಿಂದ ದಿನಕ್ಕೆ ಅದು ಐವತ್ತು ನಿಮಿಷದಷ್ಟು ಹಿಂದೆ ಬೀಳುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರಿನ ಏರಿಳಿತ ಮಿಗಿಲು. ಇಳಿತದಲ್ಲಿ ಬಂಡೆಯ ಬುಡದಲ್ಲಿ ಏಡಿ ಹುಡುಕುತ್ತಿರುವ ಮಗುವಿನ ಸುತ್ತ ನೀರು ಏರುವುದು ಸದ್ದಿಲ್ಲದೆ. ಒದ್ದೆ ಬಂಡೆಯ ಪಾಚಿ ದೊಡ್ಡವರ ಕಾಲನ್ನೂ ಜಾರಿಸುತ್ತದೆ. ಕಳೆದ ವರ್ಷ ಇದೇ ಜಾಗದಲ್ಲಿ ಆಡಿದ್ದೆವೆಂಬ ಧೈರ್ಯ ಅಲ್ಲಿ ನಿಲ್ಲುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೇ ಮೀನುಗಾರಿಕೆಯ ನಿಷೇಧವಿರುತ್ತದೆ. ಮೀನುಗಳ ಸಂತಾನವೃದ್ಧಿಗೆಂದು ಮಾಡಿದ ನಿಯಮವಾದರೂ ಅದು ಕಡಲು ಕೆರಳಿರುವ ಕಾಲವೂ ಹೌದು. ಆಗ ಮಕ್ಕಳನ್ನು ನೀರಿಗಿಳಿಸುವ ಮಾತೇ ಬೇಡ.

ಇಂದು ಸಂಜೆ ನಾಲ್ಕಕ್ಕೆ ಇಳಿತವಿದ್ದರೆ ಐದು ದಿನಗಳ ಬಳಿಕ ಅದು ಎಂಟು ಗಂಟೆಯ ಕತ್ತಲೆಗೆ ಸರಿದಿರುತ್ತದೆ. ಹಾಗಾಗಿ ಹದಿನೈದು ದಿನಗಳ ರಜೆಯಲ್ಲಿ ಬಿಸಿಲು ತಗ್ಗಿ, ನಿದ್ದೆ ತಿಳಿದು, ನೀರೂ ಹಿಂದೆ ಸರಿದಿರುವ ಸಂಜೆಗಳು ಕೆಲವೇ. ದಡದಲ್ಲಿ ಬಲೆ ನೇಯುವ ಮೀನುಗಾರರನ್ನು ಕೇಳಿದರೆ ತಿಥಿಯಿಂದಲೇ ಲೆಕ್ಕ ಹೇಳುತ್ತಾರೆ. ಅವನ್ನು ಮೊದಲು ಗುರುತಿಟ್ಟುಕೊಂಡು, ನೆಂಟರ ಮನೆಯ ಊಟಗಳನ್ನು ಉಳಿದ ದಿನಗಳಿಗೆ ಹೊಂದಿಸಬೇಕು. ನೆಂಟರು ಒಪ್ಪುವರೋ ಇಲ್ಲವೋ, ಅದು ಬೇರೆಯ ಮಾತು.