ಸಿಲ್ವರಿನಿಂದ ಗೋಲ್ಡಿಗೆ: ಮಗನ ಆಟ, ಅಪ್ಪನ ಕಬಡ್ಡಿ ಪಾಠ

ರಾತ್ರಿ ಹನ್ನೊಂದರ ಹೊತ್ತಿಗೆ ಮಗನ ಕೋಣೆಯಿಂದ ಮೇಜು ಕುಟ್ಟಿದ ಸದ್ದು ಕೇಳಿತು. ಅದರ ಹಿಂದೆಯೇ ಫೋನಿನಲ್ಲಿ ಕೂಗಾಟ. “ನಿನ್ನನ್ನು ಟೀಮಿಗೆ ಸೇರಿಸಿಕೊಂಡದ್ದೇ ನನ್ನ ತಪ್ಪು. ಇನ್ನು ಮೇಲೆ ನನಗೆ ಫೋನ್ ಮಾಡ್ಬೇಡ!”

ಹೆಂಡತಿ ನನ್ನ ಮುಖ ನೋಡಿದಳು. ಆ ಕಡೆ ಇದ್ದವನು ಅಪರಿಚಿತನಲ್ಲ, ನಮ್ಮಿಂದ ನಾಲ್ಕನೇ ಮನೆಯ ಹುಡುಗ. ಎಲ್‌ಕೆಜಿಯಿಂದ ಇಬ್ಬರೂ ಒಂದೇ ಬೆಂಚಿನವರು. ನಮ್ಮ ಮನೆಯ ನೀರುದೋಸೆಗೆ ಮಗನಷ್ಟೇ ಹಕ್ಕಿದ್ದವನು.

ಆದದ್ದು ಇಷ್ಟು. ಇಬ್ಬರೂ ‘ವ್ಯಾಲರಂಟ್’ ಎಂಬ ಆನ್‌ಲೈನ್ ಆಟದಲ್ಲಿ ಒಂದೇ ತಂಡದಲ್ಲಿದ್ದರು. ಪಂದ್ಯ 12-12ರಲ್ಲಿ ಸಮವಾಗಿತ್ತು. ಆಗಲೇ ಮೇ ತಿಂಗಳ ಗುಡುಗು ಮಳೆಗೆ ನಮ್ಮ ಓಣಿಯ ಕರೆಂಟು ಹೋಯಿತು. ನಮ್ಮಲ್ಲಿ ಇನ್ವರ್ಟರ್ ಇದೆ, ಅವರಲ್ಲಿ ಇಲ್ಲ. ಗೆಳೆಯ ಆಟದಿಂದ ಹೊರಬಿದ್ದ, ಉಳಿದ ನಾಲ್ವರು ಸೋತರು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ವಿಚಾರಿಸಿದೆ. “ಮೂರು ತಿಂಗಳಿಂದ ಸಿಲ್ವರಿನಲ್ಲೇ ಕೂತಿದ್ದೇನೆ ಅಪ್ಪ. ನಾನು ಸರಿಯಾಗಿಯೇ ಆಡ್ತೇನೆ. ಟೀಮೇ ಸರಿ ಇಲ್ಲ. ನಿಮಗೆ ಇದೆಲ್ಲ ಗೊತ್ತಾಗುದಿಲ್ಲ” ಎಂದ.

ಇಂಟರ್ನೆಟ್ ತೆಗೆಸಿಬಿಡುತ್ತೇನೆ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಹೆಂಡತಿ ತಡೆದಳು. “ನೀವು ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ನೋಡದೆ ಬೈಯುವುದು ಬೇಡ.” ಹಾಗೆ ನಾನು, ಐವತ್ತರ ಹತ್ತಿರದ ಬ್ಯಾಂಕ್ ನೌಕರ, ಮಗನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ.

ಇದು ಎಂಥ ಆಟ?

ಗೊತ್ತಿಲ್ಲದ ಪಾಲಕರಿಗಾಗಿ ನಾಲ್ಕು ಮಾತು. ವ್ಯಾಲರಂಟ್ 2020ರಲ್ಲಿ ಬಂದ, ಬಂದೂಕು ಹಿಡಿದು ಆಡುವ ಆಟ. ತೀರಾ ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ಒಂದೊಂದು ತಂಡದಲ್ಲಿ ಐದು ಜನ. ದಾಳಿ ಮಾಡುವವರು ‘ಸ್ಪೈಕ್’ ಎಂಬ ಬಾಂಬನ್ನು ಗೊತ್ತಾದ ಜಾಗದಲ್ಲಿ ಇಡಬೇಕು. ಇಟ್ಟ ಮೇಲೆ ಅದು 45 ಸೆಕೆಂಡಿನಲ್ಲಿ ಸಿಡಿಯುತ್ತದೆ. ಕಾಯುವವರು ಅದನ್ನು ಇಡದಂತೆ ತಡೆಯಬೇಕು, ಇಟ್ಟರೆ ನಿಷ್ಕ್ರಿಯ ಮಾಡಬೇಕು. ಅದಕ್ಕೆ 7 ಸೆಕೆಂಡು ಬೇಕು. 12 ಸುತ್ತು ಮುಗಿದಾಗ ದಾಳಿಯವರು ಕಾಯುವವರಾಗುತ್ತಾರೆ. ಮೊದಲು 13 ಸುತ್ತು ಗೆದ್ದವರಿಗೆ ಪಂದ್ಯ. 12-12 ಆದರೆ ಎರಡು ಸುತ್ತಿನ ಮುನ್ನಡೆ ಬೇಕು.

ಗೆದ್ದಂತೆ ಹತ್ತಬೇಕಾದ ಏಣಿಯೂ ಇದೆ. ಐರನ್, ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್, ಅಸೆಂಡೆಂಟ್, ಇಮ್ಮಾರ್ಟಲ್. ಪ್ರತಿಯೊಂದರಲ್ಲೂ ಮೂರು ಮೆಟ್ಟಿಲು. ಎಲ್ಲಕ್ಕಿಂತ ಮೇಲೆ ರೇಡಿಯಂಟ್. ಒಟ್ಟು 25 ಮೆಟ್ಟಿಲು.

ಅರ್ಧ ಗಂಟೆ ನೋಡುವಷ್ಟರಲ್ಲಿ ನನಗೆ ನಗು ಬಂತು. ಒಂದು ಕಡೆಯವರು ನುಗ್ಗುತ್ತಾರೆ, ಇನ್ನೊಂದು ಕಡೆಯವರು ಹೊಂಚು ಹಾಕಿ ಹಿಡಿಯುತ್ತಾರೆ. ಇದು ಕಬಡ್ಡಿಯೇ ಅಲ್ಲವೇ! ಕಾಲೇಜಿನಲ್ಲಿ ಮೂರು ವರ್ಷ ಎಡ ಕಾರ್ನರ್‌ನಲ್ಲಿ ನಿಂತವನು ನಾನು.

ಅರ್ಧ ಸೋಲು ಎಲ್ಲರಿಗೂ ಇದೆ

ಮೊದಲು ಲೆಕ್ಕ ಹಾಕಿದೆವು. ಇಂಥ ಶ್ರೇಯಾಂಕಗಳ ಹಿಂದಿನ ವಿಚಾರ ಚೆಸ್‌ನಿಂದ ಬಂದದ್ದು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಎಲೊ ಅವರು ರೂಪಿಸಿದ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ವಿಚಾರ ಸರಳ. ನಿಮಗಿಂತ ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಅಂಕ, ದುರ್ಬಲನ ಎದುರು ಸೋತರೆ ಹೆಚ್ಚು ನಷ್ಟ. ಆನ್‌ಲೈನ್ ಆಟಗಳು ಇದೇ ಬಗೆಯ ಲೆಕ್ಕ ಇಟ್ಟುಕೊಂಡು ಸಮಬಲದವರನ್ನು ಎದುರುಬದುರು ತರಲು ನೋಡುತ್ತವೆ. ಸಮಬಲದವರ ನಡುವೆ ಸುಮಾರು ಅರ್ಧದಷ್ಟು ಪಂದ್ಯ ಸೋಲುವುದು ಸಹಜ. ಸೋತ ಕೂಡಲೇ ಯಾರೋ ಮೋಸ ಮಾಡಿದರು ಎಂದುಕೊಳ್ಳಬೇಕಿಲ್ಲ.

ಒಂದು ಮೆಟ್ಟಿಲು ಏರಲು 100 ಅಂಕ ಬೇಕು. ಗೆದ್ದರೆ 20 ಬರುತ್ತದೆ, ಸೋತರೆ 20 ಹೋಗುತ್ತದೆ ಎಂದಿಟ್ಟುಕೊಳ್ಳಿ. 100 ಪಂದ್ಯದಲ್ಲಿ 50 ಗೆದ್ದರೆ ಇದ್ದಲ್ಲೇ ಇರುತ್ತೀರಿ. 55 ಗೆದ್ದು 45 ಸೋತರೆ 200 ಅಂಕ ಲಾಭ, ಅಂದರೆ ಎರಡು ಮೆಟ್ಟಿಲು. ಏರುವವನಿಗೂ ನಿಂತವನಿಗೂ ಇರುವ ವ್ಯತ್ಯಾಸ ನೂರರಲ್ಲಿ ಐದೇ ಪಂದ್ಯ! ದಿನಕ್ಕೆ ಎರಡು ಪಂದ್ಯ ಆಡಿದರೆ ಈ ನೂರಕ್ಕೆ 50 ದಿನ ಬೇಕು. ಒಂದೇ ರಾತ್ರಿಯಲ್ಲಿ ಗೋಲ್ಡ್ ಸಿಗುವುದಿಲ್ಲ ಎಂಬುದು ಮಗನಿಗೆ ಕಾಗದದ ಮೇಲೆ ಕಂಡಿತು.

“ಆದರೆ ನನಗೆ ಯಾವಾಗಲೂ ಕೆಟ್ಟ ಟೀಮೇ ಸಿಗ್ತದೆ” ಎಂದ.

“ಹತ್ತು ಜನರಲ್ಲಿ ನಿನ್ನನ್ನು ಬಿಟ್ಟರೆ ಒಂಬತ್ತು. ನಿನ್ನ ಕಡೆ ನಾಲ್ಕು, ಎದುರಿಗೆ ಐದು. ಆಡಲು ಬಾರದವನೊಬ್ಬ ಎಲ್ಲಿ ಬೇಕಾದರೂ ಬೀಳಬಹುದು. ಹಾಗಾದರೆ ಯಾವ ಕಡೆ ಬೀಳುವ ಸಂಭವ ಹೆಚ್ಚು?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಎದುರಿನ ಕಡೆ” ಎಂದ. ನೂರಾರು ಪಂದ್ಯಗಳಲ್ಲಿ ತಪ್ಪದೆ ಇರುವ ಆಟಗಾರ ಒಬ್ಬನೇ, ನಾವೇ. ತಿದ್ದಲು ನಮ್ಮ ಕೈಯಲ್ಲಿರುವವನೂ ಅವನೊಬ್ಬನೇ.

ಹಳೆ ನೋಟ್‌ಬುಕ್ಕಿನ ಸತ್ಯ

ಹಳೆಯ ಶಾಲಾ ನೋಟ್‌ಬುಕ್ ಒಂದನ್ನು ತೆಗೆದೆವು. ಆಡುವುದು ಅವನು, ಬರೆಯುವುದು ನಾನು. ಎಷ್ಟು ಜನರನ್ನು ಹೊಡೆದ ಎಂಬ ಲೆಕ್ಕ ಬೇಡ, ಪ್ರತಿ ಸಲ ತಾನು ಹೇಗೆ ಸತ್ತ ಎಂಬುದಷ್ಟೇ ಬೇಕು ಎಂದು ಒಪ್ಪಂದ.

ಮೊದಲ ಸಂಜೆಯ ಎರಡು ಪಂದ್ಯಗಳಲ್ಲಿ 31 ಸಲ ಸತ್ತಿದ್ದ. ಅದರಲ್ಲಿ 14 ಸಲ ಹತ್ತಿರದಲ್ಲಿ ಜೊತೆಯವರು ಯಾರೂ ಇರಲಿಲ್ಲ. 9 ಸಲ ಓಡುತ್ತಾ ಗುಂಡು ಹಾರಿಸುತ್ತಿದ್ದ. ಎದುರಾಳಿಯ ಗುರಿ ನಿಜಕ್ಕೂ ಮೇಲಾಗಿದ್ದದ್ದು 3 ಸಲ. ಉಳಿದ 5 ಬೇರೆ ಬೇರೆ ಕಾರಣ. ‘ಟೀಮು ಸರಿ ಇಲ್ಲ’ ಎಂಬ ಕಾಲಂನಲ್ಲಿ ಬರೆಯಲು ನನಗೆ ಏನೂ ಸಿಗಲಿಲ್ಲ.

ಅಲ್ಲಿಂದ ಒಂದೊಂದೇ ತಿದ್ದಿಕೊಂಡ. ನೀವೂ ಇಂಥ ತಂಡದ ಆಟ ಆಡುವವರಾದರೆ ಇವು ಉಪಯೋಗಕ್ಕೆ ಬಂದಾವು.

ನಿಂತು ಹೊಡೆಯಿರಿ. ಈ ಆಟದಲ್ಲಿ ಓಡುವಾಗ ಗುಂಡು ಅಡ್ಡಾದಿಡ್ಡಿ ಹೋಗುತ್ತದೆ. ಹೆಜ್ಜೆ ನಿಲ್ಲಿಸಿ ಹೊಡೆದರೆ ಗುರಿ ಕೂಡುತ್ತದೆ. ನಡೆಯುವಾಗಲೂ ಗುರಿಚುಕ್ಕೆ ನೆಲದ ಮೇಲಿರದೆ ಎದುರಾಳಿಯ ತಲೆ ಕಾಣಿಸಬಹುದಾದ ಎತ್ತರದಲ್ಲಿರಬೇಕು. ಪಂದ್ಯಕ್ಕೆ ಮೊದಲು ಅಭ್ಯಾಸದ ಅಂಕಣದಲ್ಲಿ ಹತ್ತು ನಿಮಿಷ ಇದನ್ನೇ ಮಾಡಿ. ಮೈ ಬಿಸಿ ಮಾಡಿಕೊಳ್ಳದೆ ಯಾರೂ ಕಬಡ್ಡಿ ಅಂಕಣಕ್ಕೆ ಇಳಿಯುವುದಿಲ್ಲ.

ಒಬ್ಬರೇ ನುಗ್ಗಬೇಡಿ. ಕಬಡ್ಡಿಯಲ್ಲಿ ಕಾರ್ನರಿನವನು ಹಾರುವುದಕ್ಕೂ ಕವರ್‌ನವನು ಅಡ್ಡ ಬರುವುದಕ್ಕೂ ಹೊತ್ತು ಕೂಡಬೇಕು. ಇಲ್ಲೂ ಹಾಗೆಯೇ. ನೀವು ಬಿದ್ದರೆ ಹೊಡೆದವನನ್ನು ಆ ಕ್ಷಣದಲ್ಲೇ ಹೊಡೆಯುವಷ್ಟು ಹತ್ತಿರದಲ್ಲಿ ಜೊತೆಗಾರ ಇರಬೇಕು.

ಬೇಕಾದ ಪಾತ್ರ ವಹಿಸಿ. ಮುನ್ನುಗ್ಗುವ ‘ಡ್ಯುಯಲಿಸ್ಟ್’, ದಾರಿ ತೆರೆಯುವ ‘ಇನಿಷಿಯೇಟರ್’, ಹೊಗೆಯಿಂದ ದೃಷ್ಟಿ ಮರೆಮಾಡುವ ‘ಕಂಟ್ರೋಲರ್’, ಕಾವಲಿನ ‘ಸೆಂಟಿನೆಲ್’ ಎಂದು ನಾಲ್ಕು ಬಗೆಯ ಪಾತ್ರಗಳಿವೆ. ಎಲ್ಲರಿಗೂ ಡ್ಯುಯಲಿಸ್ಟ್ ಆಗುವ ಆಸೆ. ಏಳೂ ಜನ ರೈಡರ್ ಆದರೆ ಹಿಡಿಯುವವರು ಯಾರು? ಮಗ ಕಂಟ್ರೋಲರ್ ಆದ, ಬ್ರಿಮ್‌ಸ್ಟೋನ್ ಎಂಬ ಒಂದೇ ಪಾತ್ರವನ್ನು ಹಿಡಿದು ಕಲಿತ. ಇದೇ ಗುಂಪಿನಲ್ಲಿ 2022ರಲ್ಲಿ ಬಂದ ‘ಹಾರ್ಬರ್’ ಎಂಬ ಭಾರತ ಮೂಲದ ಪಾತ್ರವೂ ಇದೆ. ದಿನಕ್ಕೊಂದು ಪಾತ್ರ ಬದಲಿಸಿದರೆ ಯಾವುದೂ ಕೈಗೆ ಕೂರುವುದಿಲ್ಲ.

ತಂಡದ ಗಂಟು ನೋಡಿ ಖರ್ಚು ಮಾಡಿ. ಮೊದಲ ಸುತ್ತಿಗೆ ಕೈಯಲ್ಲಿ 800 ಕ್ರೆಡಿಟ್ ಇರುತ್ತದೆ. ಒಳ್ಳೆಯ ಬಂದೂಕಿಗೆ 2900 ಬೇಕು. ಒಬ್ಬ ಕೊಂಡು ನಾಲ್ವರು ಬರಿಗೈಯಲ್ಲಿ ನಿಂತರೆ ಆ ಸುತ್ತು ಹೋಯಿತು, ದುಡ್ಡೂ ಹೋಯಿತು. ಐವರೂ ಒಂದು ಸುತ್ತು ಉಳಿಸಿ, ಮುಂದಿನ ಸುತ್ತಿನಲ್ಲಿ ಐವರೂ ಕೊಳ್ಳುವುದು ಜಾಣತನ. ತಿಂಗಳ ಕೊನೆಯಲ್ಲಿ ಮನೆ ನಡೆಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಮಾತು ಚಿಕ್ಕದಿರಲಿ. “ಅಯ್ಯೋ, ಅಲ್ಲಿದ್ದಾನೆ!” ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. “ಎ ಕಡೆ ಇಬ್ಬರು” ಎಂದರೆ ಸಾಕು. ಬೈಯುವವರು ಸಿಕ್ಕರೆ ಉತ್ತರ ಕೊಡದೆ ಅವರ ಧ್ವನಿ ಬಂದ್ ಮಾಡಿ, ದೂರು ದಾಖಲಿಸಿ ಮುಂದೆ ಆಡಿ.

ಎರಡು ಸೋತರೆ ಏಳಿ. ನೋಟ್‌ಬುಕ್ಕಿನಲ್ಲಿ ಮಗ ತಾನೇ ಕಂಡುಕೊಂಡದ್ದು ಇದು. ಸತತ ಎರಡು ಸೋತ ಮೇಲೆ ಸಿಟ್ಟಿನಲ್ಲಿ ಆಡಿದ ಮೂರನೆಯದು, ರಾತ್ರಿ ಹತ್ತೂವರೆಯ ನಂತರ ಆಡಿದ್ದು, ಇವೇ ಅವನ ಅಂಕ ತಿಂದಿದ್ದವು. ಈಗ ಎರಡು ಸೋತರೆ ಎದ್ದು ನೀರು ಕುಡಿದು ಅಂಗಳಕ್ಕೆ ಹೋಗುತ್ತಾನೆ.

ನಾನು ಹೇಳದೆ ಇಟ್ಟುಕೊಂಡಿದ್ದ ಕತೆ

ಹತ್ತು ದಿನ ಕಳೆದರೂ ನಾಲ್ಕನೇ ಮನೆಯ ಹುಡುಗ ನಮ್ಮ ಕಡೆ ತಲೆ ಹಾಕಲಿಲ್ಲ. ಮಗನೂ ಹೋಗಲಿಲ್ಲ. “ಅವನೇ ಬರಲಿ” ಎನ್ನುತ್ತಿದ್ದ.

ಆ ದಿನ ನನ್ನ ಕತೆ ಹೇಳಿದೆ. ಕಾಲೇಜಿನ ಕೊನೆಯ ವರ್ಷದ ಫೈನಲ್ ಪಂದ್ಯ. ಎರಡು ಅಂಕ ಮುಂದಿದ್ದೆವು, ಕೊನೆಯ ರೈಡ್. ಕಾದಿದ್ದರೆ ಸಾಕಿತ್ತು. ನಾನು ಹೊತ್ತಿಗೆ ಮೊದಲೇ ರೈಡರನ ಕಾಲಿಗೆ ಹಾರಿದೆ. ನನ್ನ ನೆರವಿಗೆ ಬರಲು ಹೋದ ಕವರ್ ಹುಡುಗನನ್ನೂ ಮುಟ್ಟಿ, ಇನ್ನೊಬ್ಬನನ್ನೂ ಮುಟ್ಟಿ ಅವನು ಗೆರೆ ದಾಟಿದ. ಮೂರು ಅಂಕ, ಪಂದ್ಯ ಹೋಯಿತು. ಎಲ್ಲರ ಎದುರು ನಾನು ಆ ಕವರ್ ಹುಡುಗನಿಗೆ, “ನಿನ್ನಿಂದಲೇ ಸೋತದ್ದು” ಎಂದೆ. ಅವನು ಒಂದು ಮಾತೂ ಆಡದೆ ಚೀಲ ಎತ್ತಿಕೊಂಡು ಹೋದ. ಮತ್ತೆ ಯಾವತ್ತೂ ಅಂಕಣಕ್ಕೆ ಬರಲಿಲ್ಲ. ತಪ್ಪು ನನ್ನದೆಂದು ನನಗೆ ಆ ಕ್ಷಣವೇ ಗೊತ್ತಿತ್ತು. ಹೇಳಲು ಇಷ್ಟು ವರ್ಷ ಬೇಕಾಯಿತು, ಅದೂ ಅವನಿಗಲ್ಲ, ಮಗನಿಗೆ.

“ನೀವು ಈಗ ಅವರಿಗೆ ಫೋನ್ ಮಾಡ್ಬಹುದಲ್ಲ ಅಪ್ಪ?” ಎಂದ.

“ನೀನು ಮೊದಲು ನಾಲ್ಕು ಮನೆ ದಾಟು, ಆಮೇಲೆ ನೋಡುವ” ಎಂದೆ.

ಸಂಜೆ ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ. ರಾತ್ರಿ ಊಟಕ್ಕೆ ಇಬ್ಬರೂ ಬಂದರು. ನನ್ನ ಕೈಯಲ್ಲೂ ಫೋನ್ ಇತ್ತು. ಹಳೆಯ ಗೆಳೆಯರಿಂದ ನಂಬರು ಸಂಪಾದಿಸಿದ್ದೆ. ಅವರು ಎತ್ತಿದರು, ನನ್ನ ಹೆಸರು ಕೇಳಿ ನಕ್ಕರು. “ಓ, ಎಡ ಕಾರ್ನರ್!” ಎಂದರು. ಅಷ್ಟು ಸಾಕಾಯಿತು.

ದೊಡ್ಡ ಆಟಗಾರರ ಕತೆಯೂ ಇದಕ್ಕಿಂತ ದೂರದ್ದಲ್ಲ. ‘ಡೋಟಾ 2’ ಎಂಬ ಇನ್ನೊಂದು ತಂಡದ ಆಟವಿದೆ. 2018ರಲ್ಲಿ ಅದರ ಅತಿ ದೊಡ್ಡ ಟೂರ್ನಿಗೆ ಕೆಲವೇ ತಿಂಗಳಿರುವಾಗ ‘ಓಜಿ’ ತಂಡವನ್ನು ಇಬ್ಬರು ಪ್ರಮುಖ ಆಟಗಾರರು ಬಿಟ್ಟುಹೋದರು. ತರಬೇತುದಾರನೇ ಆಟಕ್ಕಿಳಿದ. ಮುಕ್ತ ಅರ್ಹತಾ ಸುತ್ತಿನಿಂದ ಆಡುತ್ತಾ ಬಂದ ಆ ತಂಡ ಕೆನಡಾದ ವ್ಯಾಂಕೂವರಿನಲ್ಲಿ ಪ್ರಶಸ್ತಿ ಗೆದ್ದಿತು. ಮರುವರ್ಷ ಅದೇ ಐವರು ಶಾಂಘೈಯಲ್ಲಿ ಮತ್ತೆ ಗೆದ್ದರು. ಆ ಪ್ರಶಸ್ತಿಯನ್ನು ಎರಡು ಸಲ ಗೆದ್ದ ಮೊದಲ ತಂಡ ಅದು.

ಪಾಲಕರಿಗೆ ಎರಡು ಮಾತು

ಇ-ಸ್ಪೋರ್ಟ್ಸ್ ಈಗ ಬರೀ ಕಾಲಹರಣವಾಗಿ ಉಳಿದಿಲ್ಲ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳೇ ಇದ್ದವು. ನಮ್ಮ ದೇಶದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸನ್ನು ಮಾನ್ಯ ಮಾಡಿ, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಈ ಎರಡರ ವ್ಯತ್ಯಾಸ ಮಕ್ಕಳಿಗೆ ತಿಳಿದಿರಲಿ. ದುಡ್ಡು ಕೊಟ್ಟರೆ ರ‍್ಯಾಂಕ್ ಏರಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅದು ನಿಯಮಕ್ಕೆ ವಿರುದ್ಧ. ಖಾತೆಯೂ ಹೋಗಬಹುದು, ಪಾಸ್‌ವರ್ಡೂ ಹೋಗಬಹುದು.

ಆಟ ನಿಲ್ಲಿಸಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಊಟ, ನಿದ್ದೆ, ಓದು, ಗೆಳೆತನ ಎಲ್ಲವನ್ನೂ ಆಟ ನುಂಗುತ್ತಿದೆ ಎನಿಸಿದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. ಆದರೆ ವೈರು ಕೀಳುವ ಮೊದಲು ಒಂದು ಸಲ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ನೋಡಿ. ನಮ್ಮ ಮನೆಯಲ್ಲಿ ಈಗಿರುವ ಕಾನೂನು ಇಷ್ಟೇ: ದಿನಕ್ಕೆ ಎರಡು ಪಂದ್ಯ, ಹತ್ತೂವರೆಗೆ ಮುಕ್ತಾಯ, ಕಾಲೇಜಿನ ಪರೀಕ್ಷೆಯ ದಿನಗಳಲ್ಲಿ ರಜೆ. ಅವನೇ ಬರೆದು ಗೋಡೆಗೆ ಅಂಟಿಸಿದ್ದು, ಹಾಗಾಗಿ ನಾನು ನೆನಪಿಸಬೇಕಾಗಿಲ್ಲ.

ಜುಲೈ ಕೊನೆಯಲ್ಲಿ ಒಂದು ಸಂಜೆ ಮಗ ಗೋಲ್ಡ್ ತಲುಪಿದ. ಹೆಂಡತಿ ಗೋಳಿಬಜೆ ಕರಿದಳು. ಮರುದಿನವೇ ಎರಡು ಸೋತು ಮತ್ತೆ ಸಿಲ್ವರಿಗೆ ಇಳಿದ. ಮೇಜು ಕುಟ್ಟುವ ಸದ್ದಿಗಾಗಿ ನಾನು ಕಿವಿಗೊಟ್ಟು ಕೂತಿದ್ದೆ. “ಹೋಯ್ತು ಅಪ್ಪ, ಬಜೆ ವಾಪಸ್ ಕೊಡ್ಬೇಕಾ?” ಎಂದು ನಗುತ್ತಾ ಹೊರಗೆ ಬಂದ. ವಾರದೊಳಗೆ ಮತ್ತೆ ಹತ್ತಿದ.

ಮೊನ್ನೆ ಸಂಜೆ ಜೋರು ಮಳೆಗೆ ಪುನಃ ಕರೆಂಟು ಹೋಯಿತು. ಐದೇ ನಿಮಿಷದಲ್ಲಿ ಯಾರೋ ಬಾಗಿಲು ತಟ್ಟಿದರು. ನಾಲ್ಕನೇ ಮನೆಯ ಹುಡುಗ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ.

“ಅಂಕಲ್, ನಿಮ್ಮ ಇನ್ವರ್ಟರ್ ಉಂಟಲ್ಲ?” ಎಂದ.